ಕಿಬ್ಬೊಟ್ಟೆ ನೋವಿನ ವಂಶಾವಳಿ

1980ರಲ್ಲಿ ಅಮೆರಿಕದ ವೈದ್ಯ ಜೋ ಲೀ ಸಿಂಪ್ಸನ್ ಮತ್ತು ಸಂಗಡಿಗರು ಒಂದು ಲೆಕ್ಕ ಹಾಕಿದರು. ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆ ಇರುವುದು ಖಚಿತವಾಗಿದ್ದ 123 ಮಹಿಳೆಯರನ್ನು ಆರಿಸಿಕೊಂಡು, ಅವರ ತಾಯಿ ಮತ್ತು ಅಕ್ಕತಂಗಿಯರಲ್ಲಿ ಎಷ್ಟು ಮಂದಿಗೆ ಅದೇ ಕಾಯಿಲೆ ಇದೆ ಎಂದು ವಿಚಾರಿಸಿದರು. ಹೋಲಿಸಿ ನೋಡಲು ಇನ್ನೊಂದು ಗುಂಪು ಬೇಕಲ್ಲ? ಅದಕ್ಕೆ ತೆಗೆದುಕೊಂಡದ್ದು ಅದೇ ಮಹಿಳೆಯರ ಅತ್ತೆ-ನಾದಿನಿಯರನ್ನು. ಬದುಕುವ ರೀತಿ, ಆಸ್ಪತ್ರೆಗೆ ಹೋಗುವ ಅನುಕೂಲ ಎಲ್ಲ ಹೆಚ್ಚುಕಡಿಮೆ ಒಂದೇ, ಬೇರೆಯಾದದ್ದು ರಕ್ತಸಂಬಂಧ. ತವರಿನ ಕಡೆಯ ಹೆಂಗಸರಲ್ಲಿ ಸುಮಾರು ಶೇ 7ರಷ್ಟು ಮಂದಿಗೆ ಕಾಯಿಲೆ ಇತ್ತು. ಗಂಡನ ಮನೆಯ ಕಡೆ ಅದು ಶೇ 1ರ ಆಸುಪಾಸಿನಲ್ಲಿತ್ತು.

ಗರ್ಭಕೋಶದ ಒಳಪದರದಂಥದೇ ಅಂಗಾಂಶ ಗರ್ಭಕೋಶದ ಹೊರಗೆ, ಅಂದರೆ ಅಂಡಾಶಯದ ಮೇಲೆ, ಕರುಳಿನ ಮೇಲೆ, ಮೂತ್ರಕೋಶದ ಸುತ್ತ ಬೆಳೆಯುವುದೇ ಎಂಡೊಮೆಟ್ರಿಯೋಸಿಸ್. ಮುಟ್ಟಿನ ದಿನಗಳಲ್ಲಿ ಅಲ್ಲೂ ಕೆರಳುತ್ತದೆ, ಉರಿಯೂತವಾಗುತ್ತದೆ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಮಕ್ಕಳನ್ನು ಹೆರುವ ವಯಸ್ಸಿನ ಮಹಿಳೆಯರಲ್ಲಿ ಹತ್ತಕ್ಕೊಬ್ಬರಿಗೆ, ಜಗತ್ತಿನಲ್ಲಿ ಸುಮಾರು 19 ಕೋಟಿ ಮಂದಿಗೆ ಇದು ಇದೆ. ಆರು ತಿಂಗಳು ದಾಟಿದರೂ ಬಿಡದ ಕಿಬ್ಬೊಟ್ಟೆ ನೋವಿಗೆ ಇರುವ ದೊಡ್ಡ ಕಾರಣಗಳಲ್ಲಿ ಇದೂ ಒಂದು.

ಒಂದೇ ಕಾರಣ ಅಲ್ಲ ಎಂಬುದನ್ನೂ ಮೊದಲೇ ಹೇಳಿಬಿಡಬೇಕು. ಗರ್ಭಕೋಶದ ಗೋಡೆಯೊಳಗೇ ಒಳಪದರ ಇಳಿಯುವ ಅಡಿನೊಮಯೋಸಿಸ್, ಮೂತ್ರಕೋಶದ ನೋವು, ಕರುಳಿನ ಐಬಿಎಸ್, ಸೊಂಟದ ತಳದ ಸ್ನಾಯುಗಳ ಸೆಳೆತ, ನರಗಳ ತೊಂದರೆ, ಹಳೆಯ ಸೋಂಕು, ನಮ್ಮ ದೇಶದಲ್ಲಂತೂ ಜನನಾಂಗದ ಕ್ಷಯ, ಇವೆಲ್ಲವೂ ಅದೇ ಜಾಗದಲ್ಲಿ ನೋವು ಕೊಡುತ್ತವೆ. ಗಂಡಸರಿಗೂ ಇದು ತಪ್ಪಿದ್ದಲ್ಲ. ಪ್ರಾಸ್ಟೇಟ್ ಉರಿಯೂತ ಎಂದು ಚೀಟಿ ಬರೆಸಿಕೊಳ್ಳುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯಲ್ಲಿ ಬ್ಯಾಕ್ಟೀರಿಯಾ ಸಿಗುವುದೇ ಇಲ್ಲ. ಅವರದೂ ದೀರ್ಘಕಾಲದ ಕಿಬ್ಬೊಟ್ಟೆ ನೋವೇ. ಹೀಗಾಗಿ ರೋಗಿ ಗ್ಯಾಸ್ಟ್ರಿಕ್ ಡಾಕ್ಟರ್ ಬಳಿಯಿಂದ ಮೂತ್ರರೋಗದ ಡಾಕ್ಟರ್ ಬಳಿಗೆ, ಅಲ್ಲಿಂದ ಹೆರಿಗೆ ಡಾಕ್ಟರ್ ಬಳಿಗೆ ಅಲೆಯುತ್ತಾರೆ. ಸ್ಕ್ಯಾನಿಂಗ್ ಆಗುತ್ತದೆ, ರಿಪೋರ್ಟ್ ನಾರ್ಮಲ್ ಬರುತ್ತದೆ. ಎಂಡೊಮೆಟ್ರಿಯೋಸಿಸ್ ಇರುವವರಿಗೆ ಕಾಯಿಲೆಯ ಹೆಸರು ಗೊತ್ತಾಗಲು ಅನೇಕ ದೇಶಗಳಲ್ಲಿ ವರ್ಷಗಟ್ಟಲೆ, ಏಳೆಂಟು ವರ್ಷವೂ ಹಿಡಿಯುತ್ತದೆ.

ಈ ತಡಕ್ಕೆ ಆಸ್ಪತ್ರೆಯೊಂದೇ ಕಾರಣವಲ್ಲ. ಹದಿನಾಲ್ಕರ ಹುಡುಗಿ ಮುಟ್ಟಿನ ಮೊದಲ ದಿನ ಹೊಟ್ಟೆ ಹಿಡಿದುಕೊಂಡು ಮಲಗಿದರೆ ಮನೆಯಲ್ಲಿ ಮೊದಲು ಬರುವ ಮಾತು ಯಾವುದು? ‘ನನಗೂ ಹಾಗೇ ಆಗ್ತಿತ್ತು ಕಣೆ. ನಿಮ್ಮ ಅಜ್ಜಿಗೂ ಹಾಗೇ. ಮದುವೆಯಾಗಿ ಒಂದು ಮಗುವಾದರೆ ಎಲ್ಲ ಸರಿಹೋಗುತ್ತೆ.’ ಸಮಾಧಾನಕ್ಕೆಂದೇ ಹೇಳುವ ಮಾತು. ಆದರೆ ತಾಯಿಗೂ ಅಜ್ಜಿಗೂ ಇತ್ತು ಎನ್ನುವುದು ಸುಮ್ಮನಿರಲು ಕಾರಣವಲ್ಲ, ಪರೀಕ್ಷೆ ಮಾಡಿಸಲು ಕಾರಣ. ಕಳೆದ ನಾಲ್ಕು ದಶಕಗಳ ಜೀನ್ ಸಂಶೋಧನೆ ಹೇಳುತ್ತಿರುವುದರ ತಿರುಳು ಇಷ್ಟೇ.

ವಂಶದಲ್ಲಿ ಬಂದದ್ದು ಎಂದ ಮಾತ್ರಕ್ಕೆ ಜೀನಿನಿಂದಲೇ ಬಂತು ಎನ್ನಲಾಗದು. ಒಂದೇ ಮನೆಯ ಊಟ, ಒಂದೇ ಗಾಳಿ, ಒಂದೇ ಚಿಂತೆ ಕೂಡ ವಂಶದಲ್ಲಿ ಬರುತ್ತವೆ. ಇದನ್ನು ಬೇರ್ಪಡಿಸಲು ವಿಜ್ಞಾನಿಗಳು ಅವಳಿಗಳ ಮೊರೆ ಹೋದರು. ಒಂದೇ ಭ್ರೂಣ ಒಡೆದು ಹುಟ್ಟಿದ ತದ್ರೂಪಿ ಅವಳಿಗಳಲ್ಲಿ ಜೀನ್‌ಗಳು ಪೂರ್ತಿ ಒಂದೇ. ಎರಡು ಅಂಡಗಳಿಂದ ಹುಟ್ಟಿದ ಅವಳಿಗಳಲ್ಲಿ, ಸಾಮಾನ್ಯ ಅಕ್ಕತಂಗಿಯರಲ್ಲಿರುವಂತೆ, ಸರಾಸರಿ ಅರ್ಧದಷ್ಟು ಹೊಂದುತ್ತವೆ. ಇಬ್ಬರೂ ಬೆಳೆದದ್ದು ಒಂದೇ ಮನೆಯಲ್ಲಿ. ತದ್ರೂಪಿಗಳಲ್ಲಿ ಒಬ್ಬಳಿಗೆ ಇದ್ದ ಕಾಯಿಲೆ ಇನ್ನೊಬ್ಬಳಿಗೂ ಹೆಚ್ಚಾಗಿ ಕಂಡರೆ ಆ ಹೆಚ್ಚುವರಿ ಪಾಲು ಜೀನಿನದು. 1999ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅವಳಿ ಮಹಿಳೆಯರಿಂದ ಬಂದ ಉತ್ತರ ಶೇ 51. ಮುಂದೆ ಸ್ವೀಡನ್‌ನ ಅವಳಿಗಳಲ್ಲಿ ಸಿಕ್ಕಿದ್ದು ಶೇ 47. ಕಾಯಿಲೆಯ ಹೆಸರು ಬದಿಗಿಟ್ಟು ಬರೀ ದೀರ್ಘಕಾಲದ ಕಿಬ್ಬೊಟ್ಟೆ ನೋವನ್ನೇ ತೆಗೆದುಕೊಂಡು ಕ್ರಿನಾ ಝೋಂಡರ್‌ವಾನ್ ಮತ್ತು ಸಂಗಡಿಗರು 2005ರಲ್ಲಿ ಆಸ್ಟ್ರೇಲಿಯಾದ ಅವಳಿಗಳಲ್ಲೇ ಲೆಕ್ಕ ಹಾಕಿದಾಗಲೂ ಶೇ 40ರ ಆಸುಪಾಸು ಬಂತು.

ಇನ್ನೊಂದು ದಾರಿ ಐಸ್‌ಲೆಂಡಿನದು. ಆ ಪುಟ್ಟ ದೇಶದಲ್ಲಿ ತಲೆತಲಾಂತರದ ವಂಶಾವಳಿ ಕಂಪ್ಯೂಟರಿನಲ್ಲಿದೆ. 2002ರಲ್ಲಿ ಅಲ್ಲಿನ ಸಂಶೋಧಕರು ಎಂಡೊಮೆಟ್ರಿಯೋಸಿಸ್ ಖಚಿತವಾಗಿದ್ದ ಮಹಿಳೆಯರನ್ನು ಆ ವಂಶಾವಳಿಯಲ್ಲಿ ಗುರುತಿಸಿದರು. ಅವರ ಅಕ್ಕತಂಗಿಯರಿಗೆ ಕಾಯಿಲೆಯ ಸಂಭವ ಉಳಿದವರಿಗಿಂತ ಐದು ಪಟ್ಟು. ಚಿಕ್ಕಪ್ಪ-ದೊಡ್ಡಪ್ಪ, ಅತ್ತೆ-ಮಾವಂದಿರ ಹೆಣ್ಣುಮಕ್ಕಳಿಗೆ ಒಂದೂವರೆ ಪಟ್ಟು. ಒಂದೇ ಸೂರಿನಡಿ ಬೆಳೆಯದ ದಾಯಾದಿಗಳಲ್ಲೂ ಸಂಭವ ಹೆಚ್ಚಿದೆ ಎಂದರೆ ಮನೆಯ ವಾತಾವರಣವೊಂದನ್ನೇ ದೂರುವಂತಿಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆಗೆ ದಾರಿಯಿದೆ. ಶೇ 50 ಜೀನಿನ ಪಾಲು ಎಂದರೆ ತಾಯಿಗೆ ಇದ್ದರೆ ಮಗಳಿಗೆ ಬರುವ ಸಾಧ್ಯತೆ ಶೇ 50 ಎಂದಲ್ಲ. ಒಂದು ಸಮಾಜದಲ್ಲಿ ಕೆಲವರಿಗೆ ಕಾಯಿಲೆ ಬಂದು ಕೆಲವರಿಗೆ ಬರದೇ ಇರುವ ವ್ಯತ್ಯಾಸದಲ್ಲಿ ಅರ್ಧದಷ್ಟನ್ನು ಜೀನ್‌ಗಳ ವ್ಯತ್ಯಾಸ ವಿವರಿಸುತ್ತದೆ ಎಂದಷ್ಟೇ ಅದರ ಅರ್ಥ. ಕಾಯಿಲೆ ಇರುವ ತಾಯಂದಿರ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಆರಾಮಾಗಿಯೇ ಇರುತ್ತಾರೆ. ಸಿಂಪ್ಸನ್ ಅವರ ಲೆಕ್ಕದಲ್ಲೂ ರೋಗಿಗಳ ತಾಯಿ, ಅಕ್ಕತಂಗಿಯರಲ್ಲಿ ನೂರಕ್ಕೆ ತೊಂಬತ್ತಮೂರು ಮಂದಿಗೆ ಕಾಯಿಲೆ ಕಂಡಿರಲಿಲ್ಲ.

ಹಾಗಾದರೆ ಯಾವ ಜೀನ್? ಈ ಪ್ರಶ್ನೆ ಕೇಳುವಾಗ ನಮ್ಮ ಮನಸ್ಸಿನಲ್ಲಿ ಸಿಕಲ್ ಸೆಲ್, ಥಲಸ್ಸೀಮಿಯಾ, ಹಿಮೋಫಿಲಿಯಾ ಇರುತ್ತವೆ. ಅಲ್ಲಿ ಒಂದು ಜೀನ್ ಕೆಟ್ಟರೆ ಒಂದು ಕಾಯಿಲೆ. ಎಂಡೊಮೆಟ್ರಿಯೋಸಿಸ್‌ನ ಕಥೆ ಹಾಗಲ್ಲ, ಇದು ಹನಿಹನಿಗೂಡಿ ಹಳ್ಳವಾದ ಕಾಯಿಲೆ. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಲಕ್ಷಾಂತರ ಜಾಗಗಳಲ್ಲಿ ನಿಮಗೂ ನನಗೂ ಒಂದೊಂದು ಅಕ್ಷರ ಬೇರೆ. ಕಾಯಿಲೆ ಇರುವ ಸಾವಿರಾರು ಮಂದಿಯನ್ನೂ ಇಲ್ಲದ ಸಾವಿರಾರು ಮಂದಿಯನ್ನೂ ಎದುರುಬದುರು ಇಟ್ಟು, ಯಾವ ಜಾಗದಲ್ಲಿ ಯಾವ ಅಕ್ಷರ ರೋಗಿಗಳಲ್ಲಿ ಹೆಚ್ಚಾಗಿದೆ ಎಂದು ಎಣಿಸುತ್ತಾ ಹೋಗುವುದು ಈ ಸಂಶೋಧನೆಯ ವಿಧಾನ. ಒಂದೊಂದು ಅಕ್ಷರ ಹೆಚ್ಚಿಸುವ ಅಪಾಯ ತೀರಾ ಸಣ್ಣದು. ಹಾಗಾಗಿ ಅದನ್ನು ಹಿಡಿಯಲು ದೊಡ್ಡ ಸಂಖ್ಯೆ ಬೇಕು.

ಮೊದಲ ದೊಡ್ಡ ಸುಳಿವು 2010ರಲ್ಲಿ ಜಪಾನಿನಿಂದ ಬಂತು, ಒಂಬತ್ತನೇ ಕ್ರೋಮೊಸೋಮಿನ ಒಂದು ಭಾಗದಲ್ಲಿ. ಮರುವರ್ಷ ಐರೋಪ್ಯ ಮೂಲದ ಮಹಿಳೆಯರ ಅಧ್ಯಯನದಲ್ಲಿ ಏಳನೇ ಕ್ರೋಮೊಸೋಮಿನ ಜಾಗವೊಂದು ಸಿಕ್ಕಿತು. ಹೆಣ್ಣಿನ ಜನನಾಂಗಗಳು ಭ್ರೂಣದಲ್ಲಿ ರೂಪುಗೊಳ್ಳುವಾಗ ಕೆಲಸ ಮಾಡುವ ಡಬ್ಲ್ಯುಎನ್‌ಟಿ4 ಎಂಬ ಜೀನಿನ ಹತ್ತಿರದ ಜಾಗವೂ ಪಟ್ಟಿ ಸೇರಿತು. 2017ರ ಹೊತ್ತಿಗೆ ಈಸ್ಟ್ರೋಜನ್ ಮುಂತಾದ ಹಾರ್ಮೋನುಗಳ ಜೀನ್‌ಗಳೂ ಕಂಡವು. 2023ರಲ್ಲಿ ಆಕ್ಸ್‌ಫರ್ಡ್‌ನ ನಿಲುಫರ್ ರಹ್ಮಿಯೊಗ್ಲು, ಝೋಂಡರ್‌ವಾನ್ ಮತ್ತು ಹತ್ತಾರು ದೇಶಗಳ ಸಂಶೋಧಕರು 60,674 ರೋಗಿಗಳನ್ನು ಕಾಯಿಲೆಯಿಲ್ಲದ ಏಳು ಲಕ್ಷಕ್ಕೂ ಹೆಚ್ಚು ಮಂದಿಯೊಂದಿಗೆ ಹೋಲಿಸಿ ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಸಿಕ್ಕ ಜಾಗಗಳು 42.

ಆ 42 ಜಾಗಗಳನ್ನೂ ಕೂಡಿಸಿದರೆ ವಿವರಿಸಲು ಸಾಧ್ಯವಾಗುವುದು ಸುಮಾರು ಶೇ 5ರಷ್ಟು ಮಾತ್ರ. ಅವಳಿಗಳು ಹೇಳಿದ್ದು ಶೇ 50. ಉಳಿದದ್ದು ಎಲ್ಲಿ ಹೋಯಿತು? ಒಂದಷ್ಟು ಇನ್ನೂ ಸಣ್ಣ ಪರಿಣಾಮದ ಸಾವಿರಾರು ಅಕ್ಷರಗಳಲ್ಲಿ ಹಂಚಿಹೋಗಿದೆ, ಒಂದಷ್ಟು ಈ ವಿಧಾನದ ಕಣ್ಣಿಗೆ ಬೀಳದ ಅಪರೂಪದ ವ್ಯತ್ಯಾಸಗಳಲ್ಲಿದೆ. ಮತ್ತೊಂದು ತೊಡಕು ಮನೆಗಳಿಂದಲೇ ಹೋಗಿದ್ದು. ಕಾಯಿಲೆ ಇದ್ದೂ ಗೊತ್ತಾಗದವಳು ಇಂಥ ಅಧ್ಯಯನದಲ್ಲಿ ‘ಕಾಯಿಲೆ ಇಲ್ಲದವರು’ ಎಂಬ ಗುಂಪಿನಲ್ಲಿ ಕೂತಿರುತ್ತಾಳೆ. ಹಾಗೆ ಎರಡು ಗುಂಪು ಬೆರೆತಷ್ಟೂ ವ್ಯತ್ಯಾಸ ಮಸುಕಾಗುತ್ತದೆ. ತಾಯಿಯ ನೋವು ದಾಖಲಾಗದೆ ಉಳಿದದ್ದರ ನಷ್ಟ ಮಗಳಿಗಷ್ಟೇ ಅಲ್ಲ, ಪ್ರಯೋಗಾಲಯಕ್ಕೂ ತಟ್ಟುತ್ತದೆ.

2023ರ ಅಧ್ಯಯನದ ನಿಜವಾದ ಲಾಭ ಬೇರೆ ಕಡೆ ಇದೆ. ಸಿಕ್ಕ ಜೀನ್‌ಗಳಲ್ಲಿ ಹಲವು ಗರ್ಭಕೋಶ, ಹಾರ್ಮೋನುಗಳಿಗೆ ಸೇರಿದವಲ್ಲ. ನೋವನ್ನು ಅರಿಯುವ, ಕಾಪಿಟ್ಟುಕೊಳ್ಳುವ ನರವ್ಯೂಹಕ್ಕೆ ಸೇರಿದವು. ನರಗಳನ್ನು ಬೆಳೆಸುವ ಎನ್‌ಜಿಎಫ್ ಎಂಬ ಪ್ರೋಟೀನಿನ ಜೀನ್ ಅವುಗಳಲ್ಲೊಂದು. ಎಂಡೊಮೆಟ್ರಿಯೋಸಿಸ್‌ಗೂ ಮೈಗ್ರೇನ್, ಬೆನ್ನುನೋವು, ಮೈಯ ಹಲವೆಡೆ ಕಾಡುವ ನೋವುಗಳಿಗೂ ಜೀನ್ ಮಟ್ಟದಲ್ಲೇ ನಂಟಿದೆ ಎಂದು ಆ ಅಧ್ಯಯನ ತೋರಿಸಿತು. ಸ್ತ್ರೀರೋಗ ತಜ್ಞರಿಗೆ ಬಹಳ ಕಾಲದಿಂದ ಒಂದು ಒಗಟು ಇತ್ತು: ಹೊಟ್ಟೆಯೊಳಗೆ ಉದರದರ್ಶಕ ಇಳಿಸಿ ನೋಡಿದರೆ ಒಬ್ಬಳಿಗೆ ಅಂಗಗಳೆಲ್ಲ ಅಂಟಿಕೊಂಡಿದ್ದರೂ ನೋವು ಕಡಿಮೆ, ಇನ್ನೊಬ್ಬಳಿಗೆ ನಾಲ್ಕಾರು ಚುಕ್ಕೆಗಳಿದ್ದರೂ ಏಳಲಾಗದ ನೋವು. ಗಾಯ ಎಷ್ಟು ದೊಡ್ಡದು ಎಂಬುದು ಒಂದು ಪ್ರಶ್ನೆ, ಅದರ ಸುದ್ದಿಯನ್ನು ನರಗಳು ಎಷ್ಟು ಗಟ್ಟಿಯಾಗಿ ಮಿದುಳಿಗೆ ಒಯ್ಯುತ್ತವೆ ಎಂಬುದು ಇನ್ನೊಂದು. ಎರಡರಲ್ಲೂ ಜೀನ್‌ಗಳ ಪಾಲಿದೆ. ನೋವು ಹೆಚ್ಚು ಎನ್ನುವವಳು ‘ನಾಟಕ ಮಾಡ್ತಾಳೆ’ ಎನ್ನುವವರಿಗೆ ಇದಕ್ಕಿಂತ ಖಡಕ್ ಉತ್ತರ ಬೇಕಿಲ್ಲ.

ನೋವಿನ ಅಳತೆಯನ್ನೇ ಜೀನ್ ಬದಲಿಸಬಲ್ಲದು ಎಂಬುದಕ್ಕೆ ಎಸ್‌ಸಿಎನ್9ಎ ಎಂಬ ಜೀನ್ ಸಾಕ್ಷಿ. ನೋವಿನ ನರಗಳ ಪೊರೆಯಲ್ಲಿ ಸೋಡಿಯಂ ಅಯಾನುಗಳನ್ನು ಒಳಬಿಡುವ ಒಂದು ನಾಳವನ್ನು ಅದು ರೂಪಿಸುತ್ತದೆ. ನಾಳ ತೆರೆದರೆ ನರ ಚುರುಕಾಗುತ್ತದೆ. ಉತ್ತರ ಪಾಕಿಸ್ತಾನದ ಒಬ್ಬ ಹುಡುಗ ಬೀದಿಯಲ್ಲಿ ತೋಳಿಗೆ ಚೂರಿ ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ಹೊಟ್ಟೆ ಹೊರೆಯುತ್ತಿದ್ದ. ನೋವೆಂದರೇನೆಂದು ಅವನಿಗೆ ಗೊತ್ತೇ ಇರಲಿಲ್ಲ. ಹದಿನಾಲ್ಕು ತುಂಬುವ ಮೊದಲೇ ಮನೆಯ ಮಾಡಿನಿಂದ ಹಾರಿ ಸತ್ತ. ಅವನ ಬಂಧುಬಳಗದಲ್ಲಿ ನೋವೇ ಅರಿಯದ ಮಕ್ಕಳನ್ನು ಪರೀಕ್ಷಿಸಿದ ಕೇಂಬ್ರಿಜ್‌ನ ಜೆಫ್ರಿ ವುಡ್ಸ್ ತಂಡಕ್ಕೆ ಈ ಜೀನ್ ಪೂರ್ತಿ ಕೆಟ್ಟಿರುವುದು ಕಂಡಿತು. ಅದು 2006ರಲ್ಲಿ ಪ್ರಕಟವಾಯಿತು.

ಅದೇ ವರ್ಷ ಇದೇ ಜೀನಿನ ಇನ್ನೊಂದು ಮುಖವೂ ಹೊರಬಿತ್ತು. ಕೆಲವು ಕುಟುಂಬಗಳಲ್ಲಿ ಎಳೆಗೂಸು ಮಲವಿಸರ್ಜನೆ ಮಾಡುವಾಗ ಮೈ ಸೆಟೆದು ಕಿರುಚುತ್ತದೆ. ಗುದದ್ವಾರದಲ್ಲಿ ಸುಟ್ಟಂಥ ನೋವು, ಮೈ ಕೆಂಪೇರುತ್ತದೆ, ಕೆಲವೊಮ್ಮೆ ಮುಖದ ಒಂದು ಪಾರ್ಶ್ವ ಮಾತ್ರ ಕೆಂಪಾಗಿ ಇನ್ನೊಂದು ಬಿಳಿಚಿಕೊಂಡಿರುತ್ತದೆ. ದೊಡ್ಡವರಾದಂತೆ ನೋವು ಕಣ್ಣಿಗೆ, ದವಡೆಗೆ ಸರಿಯುತ್ತದೆ. ಇಂಥ ಮಕ್ಕಳ ನಾಳ ಮುಚ್ಚಬೇಕಾದಾಗ ಸರಿಯಾಗಿ ಮುಚ್ಚುವುದಿಲ್ಲ. ನರ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೂಗುತ್ತಲೇ ಇರುತ್ತದೆ. ಜೀನ್ ತಿಳಿದದ್ದು ಇಲ್ಲಿ ನೇರ ಉಪಯೋಗಕ್ಕೂ ಬಂತು. ಸೋಡಿಯಂ ನಾಳವನ್ನು ಹಿಡಿದು ನಿಲ್ಲಿಸುವ, ಮೂರ್ಛೆರೋಗಕ್ಕೆ ಕೊಡುವ ಹಳೆಯ ಮಾತ್ರೆ ಕಾರ್ಬಮಝೆಪೈನ್ ಇವರಲ್ಲಿ ಅನೇಕರಿಗೆ ಕೆಲಸ ಮಾಡುತ್ತದೆ, ಏಕೆ ಕೆಲಸ ಮಾಡುತ್ತದೆ ಎಂಬುದೂ ಗೊತ್ತಾಯಿತು.

ಹೆರಿಗೆ ನೋವಿನ ಮೇಲೂ ವುಡ್ಸ್ ಮತ್ತು ಇವಾನ್ ಸೇಂಟ್ ಜಾನ್ ಸ್ಮಿತ್ ಅವರ ತಂಡ ಕೆಲಸ ಮಾಡಿತು. ಚೊಚ್ಚಲ ಹೆರಿಗೆಯಲ್ಲಿ ನೋವು ನಿವಾರಕವನ್ನೇ ಕೇಳದ ಮಹಿಳೆಯರನ್ನು ಕರೆದು ಅವರಿಗೆ ಶಾಖ, ತಣ್ಣನೆ, ಒತ್ತಡ ತಡೆಯುವ ಪರೀಕ್ಷೆಗಳನ್ನು ಮಾಡಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಕೆಸಿಎನ್‌ಜಿ4 ಎಂಬ ಜೀನಿನ ಒಂದು ಅಪರೂಪದ ರೂಪ ಅವರಲ್ಲಿ ಹೆಚ್ಚಾಗಿತ್ತು. ಸುಮಾರು ನೂರು ಮಹಿಳೆಯರಲ್ಲಿ ಒಬ್ಬರಿಗೆ ಅದು ಇರುತ್ತದೆ, ಅವರ ಗರ್ಭಕೋಶದ ನರಗಳು ಸುಲಭಕ್ಕೆ ಕೆರಳುವುದಿಲ್ಲ. ‘ನಮ್ಮ ಕಾಲದಲ್ಲಿ ಹೊಲದಲ್ಲೇ ಹೆತ್ತು ಮಡಿಲಲ್ಲಿ ಹಾಕಿಕೊಂಡು ಬರ್ತಿದ್ವಿ’ ಎಂದು ಸೊಸೆಯನ್ನು ಚುಚ್ಚುವ ಅತ್ತೆ, ಸಹನೆ ಎಂದು ತಾನು ತಿಳಿದದ್ದರಲ್ಲಿ ಜೀನಿನ ಪಾಲೂ ಇದ್ದೀತು ಎಂದು ಒಪ್ಪಬೇಕಾಗುತ್ತದೆ.

ಜೀನ್ ಗೊತ್ತಾದರೆ ಔಷಧ ಸಿಗುತ್ತದೆಯೇ? ಆಕ್ಸ್‌ಫರ್ಡ್ ಮತ್ತು ಅಮೆರಿಕದ ಸಂಶೋಧಕರು ಕನಿಷ್ಠ ಮೂವರು ಹೆಂಗಸರಿಗೆ ಎಂಡೊಮೆಟ್ರಿಯೋಸಿಸ್ ಇದ್ದಂಥ ಕುಟುಂಬಗಳನ್ನು ಹುಡುಕಿ, ಜೊತೆಗೆ ಮನುಷ್ಯರಂತೆಯೇ ಮುಟ್ಟಾಗುವ, ತಾನಾಗಿಯೇ ಈ ಕಾಯಿಲೆ ಬರುವ ರೀಸಸ್ ಕೋತಿಗಳ ವಂಶವನ್ನೂ ನೋಡಿದರು. ಎರಡೂ ಕಡೆ ಬೆರಳು ತೋರಿಸಿದ್ದು ಎನ್‌ಪಿಎಸ್‌ಆರ್1 ಎಂಬ ಜೀನಿನತ್ತ. ಬಳಿಕ 11 ಸಾವಿರಕ್ಕೂ ಹೆಚ್ಚು ಮಹಿಳೆಯರಲ್ಲಿ ನೋಡಿದಾಗಲೂ ಕಾಯಿಲೆಯ ತೀವ್ರ ಹಂತದೊಂದಿಗೆ ಅದರ ನಂಟು ಕಂಡಿತು. ಆ ಜೀನಿನ ಪ್ರೋಟೀನನ್ನು ತಡೆಯುವ ರಾಸಾಯನಿಕ ಕೊಟ್ಟಾಗ ಇಲಿಗಳಲ್ಲಿ ಉರಿಯೂತವೂ ಹೊಟ್ಟೆನೋವೂ ಇಳಿದವು. 2021ರಲ್ಲಿ ಬಂದ ಈ ಸುದ್ದಿ ಭರವಸೆಯದೇ. ಆದರೆ ಇಲಿಯಿಂದ ಮೆಡಿಕಲ್ ಶಾಪಿನವರೆಗಿನ ದಾರಿ ದೂರ. ಎನ್‌ಜಿಎಫ್ ವಿಷಯದಲ್ಲಿ ಆದದ್ದು ಎಚ್ಚರಿಕೆಯ ಪಾಠ: ಅದನ್ನು ತಡೆಯುವ ಟಾನೆಜುಮ್ಯಾಬ್ ಎಂಬ ಚುಚ್ಚುಮದ್ದು ಮೂತ್ರಕೋಶದ ನೋವಿನ ಮೇಲೂ ಪ್ರಯೋಗವಾಯಿತು, ನೋವೇನೋ ಇಳಿಯಿತು, ಬೇರೆ ಪ್ರಯೋಗಗಳಲ್ಲಿ ಕೆಲವರ ಕೀಲುಗಳು ಹಾಳಾಗತೊಡಗಿದವು. 2021ರಲ್ಲಿ ತಯಾರಕರು ಅದನ್ನು ಕೈಬಿಟ್ಟರು. ಎಸ್‌ಸಿಎನ್9ಎ ನಾಳ ಮುಚ್ಚುವ ಔಷಧಗಳೂ ಈವರೆಗೆ ನಿರೀಕ್ಷೆ ಮುಟ್ಟಲಿಲ್ಲ. ಅದರ ಸೋದರ ನಾಳವೊಂದನ್ನು ತಡೆಯುವ ಸುಜೆಟ್ರಿಜಿನ್ ಎಂಬ ಮಾತ್ರೆಗೆ 2025ರ ಜನವರಿಯಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಅದೂ ಶಸ್ತ್ರಚಿಕಿತ್ಸೆಯ ನಂತರದಂಥ ತಾತ್ಕಾಲಿಕ ನೋವಿಗೆ, ವರ್ಷಗಟ್ಟಲೆ ಕಾಡುವ ನೋವಿಗಲ್ಲ.

ಇಷ್ಟು ಓದಿದ ಮೇಲೆ ‘ಹಾಗಾದರೆ ಜೀನ್ ಟೆಸ್ಟ್ ಮಾಡಿಸಿಬಿಡೋಣ’ ಎನಿಸುವುದು ಸಹಜ. ಬೇಡ. ಶೇ 5ರಷ್ಟನ್ನು ವಿವರಿಸುವ 42 ಜಾಗಗಳನ್ನು ನೋಡಿ ಒಬ್ಬ ಹುಡುಗಿಗೆ ಎಂಡೊಮೆಟ್ರಿಯೋಸಿಸ್ ಇದೆ ಅಥವಾ ಬರುತ್ತದೆ ಎಂದು ಹೇಳಲಾಗದು. ಜೊಲ್ಲು ಕಳಿಸಿದರೆ ಜಾತಕ ಬರೆದುಕೊಡುವಂಥ ಕಿಟ್‌ಗಳಿಗೆ ಈ ವಿಷಯದಲ್ಲಿ ದುಡ್ಡು ಸುರಿಯುವುದು ದಂಡ. ಐರೋಪ್ಯ ತಜ್ಞರ ಸಂಘದ 2022ರ ಮಾರ್ಗಸೂಚಿಯೂ ರಕ್ತದ ಯಾವ ಸೂಚಕವನ್ನೂ ನಂಬಿ ಎಂಡೊಮೆಟ್ರಿಯೋಸಿಸ್ ನಿರ್ಧರಿಸಬೇಡಿ ಎನ್ನುತ್ತದೆ. ಹೊಟ್ಟೆಗೆ ತೂತು ಮಾಡಿ ನೋಡುವ ಲ್ಯಾಪರೊಸ್ಕೋಪಿಯನ್ನೂ ಎಲ್ಲರಿಗೂ ಮಾಡಬೇಕಿಲ್ಲ. ರೋಗಿಯ ಮಾತು ಕೇಳಿ, ಪರೀಕ್ಷಿಸಿ, ಸ್ಕ್ಯಾನಿಂಗ್ ಅಥವಾ ಎಂಆರ್‌ಐ ನೋಡಿ ಚಿಕಿತ್ಸೆ ಶುರು ಮಾಡಬಹುದು ಎಂದೂ ಅದೇ ಮಾರ್ಗಸೂಚಿ ಹೇಳಿದೆ. ಸ್ಕ್ಯಾನಿಂಗ್ ನಾರ್ಮಲ್ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎನ್ನುವಂತಿಲ್ಲ ಎಂಬ ಮಾತೂ ಅದರಲ್ಲಿದೆ.

ಜೀನ್ ಪರೀಕ್ಷೆಯಿಂದ ನಿಜವಾದ ಪ್ರಯೋಜನ ಇರುವುದು ಅಪರೂಪದ ಕೆಲವು ಕಾಯಿಲೆಗಳಲ್ಲಿ. ಅಕ್ಯೂಟ್ ಇಂಟರ್‌ಮಿಟೆಂಟ್ ಪಾರ್ಫೈರಿಯಾ ಅಂಥದೊಂದು. ರಕ್ತದ ಹೀಮ್ ತಯಾರಿಕೆಯ ಒಂದು ಕಿಣ್ವದ ಜೀನ್‌ನಲ್ಲಿ ದೋಷ. ಹರೆಯದ ಹೆಣ್ಣುಮಕ್ಕಳಲ್ಲಿ ಮುಟ್ಟಿಗೆ ಮುಂಚಿನ ದಿನಗಳಲ್ಲಿ ತಡೆಯಲಾರದ ಹೊಟ್ಟೆನೋವು, ವಾಂತಿ, ಮಲಬದ್ಧತೆ, ಕೆಲವೊಮ್ಮೆ ಕೈಕಾಲು ಸೋಲುವುದು. ಮೂತ್ರವನ್ನು ಬಿಸಿಲಿಗೆ ಇಟ್ಟರೆ ಕೆಂಪುಗಪ್ಪಾಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದು. ನೋವಿನ ಹೊತ್ತಿನ ಮೂತ್ರದ ಒಂದು ಸರಳ ಪರೀಕ್ಷೆ ಸುಳಿವು ಕೊಡುತ್ತದೆ, ಜೀನ್ ಪರೀಕ್ಷೆ ಖಚಿತಪಡಿಸುತ್ತದೆ. ಖಚಿತವಾಗುವುದು ಮುಖ್ಯ. ಏಕೆಂದರೆ ಕಿಬ್ಬೊಟ್ಟೆ ನೋವಿಗೆಂದು ಸಾಮಾನ್ಯವಾಗಿ ಕೊಡುವ ಪ್ರೊಜೆಸ್ಟರಾನ್ ಬಗೆಯ ಹಾರ್ಮೋನ್ ಮಾತ್ರೆಗಳೇ ಇವರಲ್ಲಿ ನೋವನ್ನು ಕೆರಳಿಸಬಹುದು. ಅಕ್ಕತಂಗಿಯರನ್ನು ಪರೀಕ್ಷಿಸಿದರೆ ನೋವು ಬರುವ ಮುಂಚೆಯೇ ಅವರನ್ನು ಎಚ್ಚರಿಸಲೂಬಹುದು.

ಇನ್ನೊಂದು ಮಾತು. ಎಂಡೊಮೆಟ್ರಿಯೋಸಿಸ್ ಗಂಟುಗಳೊಳಗೆ ಕ್ಯಾನ್ಸರಿಗೆ ಸಂಬಂಧಿಸಿದ ಕೆಆರ್‌ಎಎಸ್ ಮುಂತಾದ ಜೀನ್‌ಗಳ ಬದಲಾವಣೆ ಇರುವುದು 2017ರಲ್ಲಿ ವರದಿಯಾಯಿತು. ಇವು ಅಪ್ಪ-ಅಮ್ಮನಿಂದ ಬಂದವಲ್ಲ, ಆ ಗಂಟಿನ ಜೀವಕೋಶಗಳಲ್ಲಿ ನಂತರ ಆದವು. ಆ ಮಹಿಳೆಯರಿಗೆ ಕ್ಯಾನ್ಸರ್ ಇರಲಿಲ್ಲ. ಇಂಥ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಬಂದಾಗ ಹೆದರಬೇಕಾಗಿಲ್ಲ.

ನಮ್ಮ ದೇಶದ ಮಾತಿಗೆ ಬರೋಣ. 2023ರ ಆ ದೊಡ್ಡ ಅಧ್ಯಯನದಲ್ಲಿದ್ದವರು ಐರೋಪ್ಯ ಮತ್ತು ಪೂರ್ವ ಏಷ್ಯಾ ಮೂಲದವರು. ಭಾರತದ ಹೆಣ್ಣುಮಕ್ಕಳ ಜೀನ್‌ಗಳ ಲೆಕ್ಕ ಅದರಲ್ಲಿಲ್ಲ. ಈ ಕೊರತೆ ತುಂಬಲು ಮುಂಬೈನಲ್ಲಿರುವ ಐಸಿಎಂಆರ್‌ನ ರಾಷ್ಟ್ರೀಯ ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯ ಸಂಶೋಧನಾ ಸಂಸ್ಥೆ, ರಾಹುಲ್ ಗಜಭಿಯೆ ಅವರ ಮುಂದಾಳತ್ವದಲ್ಲಿ, ಎಂಡೊಮೆಟ್ರಿಯೋಸಿಸ್‌ನ ಲಕ್ಷಣ ಮತ್ತು ಜೀನ್‌ಗಳೆರಡನ್ನೂ ಒಟ್ಟಿಗೆ ನೋಡುವ ಇಸಿಜಿಆರ್‌ಐ ಎಂಬ ಅಧ್ಯಯನವನ್ನು ಹಲವು ರಾಜ್ಯಗಳ ಆಸ್ಪತ್ರೆಗಳಲ್ಲಿ ಕೈಗೊಂಡಿದೆ. ಹೋಲಿಕೆಗೆ ಬೇಕಾದ ಅಡಿಪಾಯ ಹಾಕಿದ್ದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದ ಸಮನ್ವಯದಲ್ಲಿ 20 ಸಂಸ್ಥೆಗಳು ಸೇರಿ ನಡೆಸಿದ ಜೀನೋಮ್‌ಇಂಡಿಯಾ ಯೋಜನೆಯಲ್ಲಿ 10,000 ಭಾರತೀಯರ ಪೂರ್ಣ ಡಿಎನ್‌ಎ ಓದಲಾಗಿದೆ. 2025ರ ಜನವರಿಯಲ್ಲಿ ಆ ದತ್ತಾಂಶ ಸಂಶೋಧಕರಿಗೆ ತೆರೆಯಿತು.

ನಮ್ಮ ಲೆಕ್ಕ ನಮಗೇ ಬೇಕು ಎನ್ನಲು ಕಾರಣವಿದೆ. ತಲೆಮಾರುಗಳಿಂದ ಜಾತಿಯೊಳಗೇ ಮದುವೆಯಾಗುತ್ತಾ ಬಂದಿರುವ ಸಮಾಜದಲ್ಲಿ ಒಂದೊಂದು ಸಮುದಾಯದಲ್ಲಿ ಒಂದೊಂದು ಜೀನ್ ವ್ಯತ್ಯಾಸ ದಟ್ಟವಾಗಿರುತ್ತದೆ. ವೈಶ್ಯ ಸಮುದಾಯದಲ್ಲಿ ಕೆಲವರಿಗೆ ಅರಿವಳಿಕೆ ಹೊತ್ತಿನಲ್ಲಿ ಕೊಡುವ ಸ್ನಾಯು ಸಡಿಲಿಸುವ ಮದ್ದು ಬೇಗ ಇಳಿಯದಿರುವುದು ಇದಕ್ಕೆ ಪ್ರಸಿದ್ಧ ಉದಾಹರಣೆ. ಕರ್ನಾಟಕದಲ್ಲಿ ನಾಲ್ಕು ಮದುವೆಗಳಲ್ಲಿ ಒಂದಾದರೂ ಸೋದರಮಾವ, ಅತ್ತೆಮಗ ಎಂದು ಸಂಬಂಧದಲ್ಲೇ ಆಗುತ್ತದೆ. ಹನಿಹನಿಯಾಗಿ ಕೂಡುವ ಎಂಡೊಮೆಟ್ರಿಯೋಸಿಸ್‌ನಂಥ ಕಾಯಿಲೆಯ ಮೇಲೆ ಇದರ ಪರಿಣಾಮ ಎಸ್‌ಸಿಎನ್9ಎ ಹುಡುಗನ ಮನೆಯಲ್ಲಿ ಆದಷ್ಟು ನೇರವಾಗಿರದು. ಆದರೆ ಯುರೋಪಿನ ಲೆಕ್ಕವನ್ನು ಹಾಗೇ ತಂದು ಇಲ್ಲಿ ಅಂಟಿಸಲಾಗದು.

ಸಂಶೋಧನೆಗೆ ಇಲ್ಲಿರುವ ದೊಡ್ಡ ಅಡ್ಡಿ ಯಂತ್ರದ ಕೊರತೆಯಲ್ಲ, ಮಾಹಿತಿಯ ಕೊರತೆ. ಯಾವುದೇ ಊರಿನಲ್ಲಿ ನಲವತ್ತು ದಾಟಿದ ಹೆಂಗಸರನ್ನು ಕೇಳಿ. ‘ಗರ್ಭಕೋಶ ತೆಗೆಸಿದ್ದಾರೆ’ ಎನ್ನುವವರು ಸಿಗುತ್ತಾರೆ. ಏಕೆ ತೆಗೆದರು ಎಂದರೆ ‘ಗಡ್ಡೆ ಇತ್ತಂತೆ’, ‘ಕ್ಯಾನ್ಸರ್ ಆಗುತ್ತೆ ಅಂದ್ರು’. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರಿಗೆ ಬಿಳಿಸೆರಗು, ಹೊಟ್ಟೆನೋವು ಎಂದು ಹೋದಾಗ ಗರ್ಭಕೋಶ ತೆಗೆದುಹಾಕಿದ ಪ್ರಕರಣ ಕಳೆದ ದಶಕದಲ್ಲಿ ಬೀದಿ ಹೋರಾಟವನ್ನೇ ಕಂಡಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಮಾರ್ಗಸೂಚಿ ಜಾರಿ ಮಾಡುವಂತೆ ಸುಪ್ರೀಂ ಕೋರ್ಟ್ 2023ರಲ್ಲಿ ಎಲ್ಲ ರಾಜ್ಯಗಳಿಗೆ ಹೇಳಬೇಕಾಯಿತು. ಎಂಡೊಮೆಟ್ರಿಯೋಸಿಸ್ ಇರುವುದು ಗರ್ಭಕೋಶದ ಹೊರಗೆ. ಗರ್ಭಕೋಶ ತೆಗೆದ ಮಾತ್ರಕ್ಕೆ ಅದು ಹೋಗುವ ಖಾತ್ರಿಯಿಲ್ಲ. ತೆಗೆದ ಅಂಗವನ್ನು ಬಯಾಪ್ಸಿಗೆ ಕಳಿಸದಿದ್ದರೆ, ಕಳಿಸಿದರೂ ರಿಪೋರ್ಟ್ ಮನೆಯಲ್ಲಿ ಉಳಿಯದಿದ್ದರೆ, ಮುಂದಿನ ತಲೆಮಾರಿನ ಹುಡುಗಿಗೆ ಬೇಕಾದ ಸುಳಿವೂ ಅದರ ಜತೆ ಹೋಯಿತು.

ಜೀನ್ ತಜ್ಞರು ವಂಶಾವಳಿ ಬರೆಯುವ ಕ್ರಮ ಸರಳ. ಹೆಣ್ಣಿಗೆ ವೃತ್ತ, ಗಂಡಿಗೆ ಚೌಕ, ದಂಪತಿಗೆ ನಡುವೆ ಒಂದು ಗೆರೆ, ಮಕ್ಕಳು ಕೆಳಸಾಲಿನಲ್ಲಿ. ಕಾಯಿಲೆ ಇದ್ದವರ ಆಕೃತಿಗೆ ಕಪ್ಪು ತುಂಬುತ್ತಾರೆ. ಇದಕ್ಕೆ ಲ್ಯಾಬ್ ಬೇಡ, ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಮಗಳ ನೋವು ಶಾಲೆ ತಪ್ಪಿಸುವಷ್ಟು ಇದ್ದರೆ ಕೂತು ಬರೆಯಿರಿ. ಅಮ್ಮ, ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ ಮಾತ್ರವಲ್ಲ, ಅಪ್ಪನ ತಾಯಿ ಮತ್ತು ಸೋದರತ್ತೆಯರನ್ನೂ ಸೇರಿಸಿ. ಈ ಜೀನ್‌ಗಳು ಅಪ್ಪನ ಕಡೆಯಿಂದಲೂ ಬರುತ್ತವೆ, ಅಪ್ಪನಿಗೆ ನೋವಿರುವುದಿಲ್ಲ ಅಷ್ಟೇ. ಯಾರಿಗೆ ಮುಟ್ಟಿನಲ್ಲಿ ವಾಂತಿ, ತಲೆಸುತ್ತು ಇತ್ತು? ಯಾರಿಗೆ ಮಕ್ಕಳಾಗಲಿಲ್ಲ? ಯಾರ ಗರ್ಭಕೋಶ ಎಷ್ಟನೇ ವಯಸ್ಸಿಗೆ, ಏಕೆ ತೆಗೆದರು? ಮೈಗ್ರೇನ್, ಐಬಿಎಸ್, ಉರಿಮೂತ್ರ ಯಾರನ್ನು ಕಾಡುತ್ತಿತ್ತು? ಮಗಳಿಗೆ ಮುಟ್ಟಿಲ್ಲದ ದಿನವೂ ನೋವು, ಮಲ-ಮೂತ್ರ ಮಾಡುವಾಗ ನೋವು ಇದೆಯೇ? ಆ ಹಾಳೆಯನ್ನು ಡಾಕ್ಟರ್ ಮುಂದೆ ಇಡಿ. ಅವರು ನೋಡದೆ ಪಕ್ಕಕ್ಕೆ ಸರಿಸಿದರೆ ನೋಡುವ ಡಾಕ್ಟರನ್ನು ಹುಡುಕಿ. ಎಂಡೊಮೆಟ್ರಿಯೋಸಿಸ್ ಬುಡಸಮೇತ ಕಿತ್ತುಹಾಕುವ ಮದ್ದು ಇನ್ನೂ ಇಲ್ಲ. ಆದರೆ ನೋವನ್ನು ಹಿಡಿತಕ್ಕೆ ತರುವ ಮಾತ್ರೆ, ಹಾರ್ಮೋನ್, ಫಿಸಿಯೋಥೆರಪಿ, ಅಗತ್ಯವಿದ್ದವರಿಗೆ ಶಸ್ತ್ರಚಿಕಿತ್ಸೆ, ಇವೆಲ್ಲ ನಮ್ಮ ಊರುಗಳಲ್ಲೇ ಇಂದು ಸಿಗುತ್ತವೆ. ಜೀನ್ ಸಂಶೋಧನೆ ಮುಗಿಯಲಿ ಎಂದು ಹದಿನಾಲ್ಕರ ಹುಡುಗಿ ಕಾಯಬೇಕಾದ ಅಗತ್ಯವಿಲ್ಲ.